ಫೋನು ಕೈಯಾಗೈತಿ, ಊರ ಕಥಿ ಎಲ್ಲೈತಿ?

ಕನಕಗಿರಿ: ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ಈ ಭಾಗದ ಜನಕ್ಕೆ ಬಾಯಿಪಾಠ. ಆದರೆ ಊರಿನ ಮಕ್ಕಳ ಕಣ್ಣು ಈಗ ಎಲ್ಲಿದೆ? ಅಪ್ಪನ ಫೋನಿನೊಳಗಿದೆ! ಅಂಗಡಿಯ ಗಲ್ಲಾದ ಪಕ್ಕದಲ್ಲಿ, ಗಂಗಾವತಿ ಬಸ್ಸಿನ ಸೀಟಿನಲ್ಲಿ ಹುಡುಗರು ಬೆರಳಾಡಿಸುತ್ತ ಕುಂತಿರುತ್ತಾರೆ. ಆ ಫೋನಿನೊಳಗ ಮುಂಬಯಿ ಐತಿ, ಕೊರಿಯಾ ಐತಿ. ಕನಕಗಿರಿ ಮಾತ್ರ ಹುಡುಕಬೇಕು.

ಫೋನು ಕಸಿದುಕೊಂಡರೆ ಮಗು ಅಳುತ್ತದೆ, ಅಷ್ಟೇ. ಅದೇ ಫೋನಿನಿಂದ ಮಕ್ಕಳೇ ಊರಿನ ಕಥೆ ಹೇಳುವಂತೆ ಮಾಡಿದರೆ? ಮಗು ಬರೆದ ಚಿತ್ರ, ಮಗುವಿನದೇ ದನಿ, ಎರಡು ನಿಮಿಷದ ಕಥೆ. ಇದಕ್ಕೆ ಡಿಜಿಟಲ್ ಕಥೆ ಎಂದು ಹೆಸರು. 1990ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಡಾನಾ ಆಚ್ಲಿ, ಜೋ ಲ್ಯಾಂಬರ್ಟ್ ಎಂಬುವರು ಸಾಮಾನ್ಯ ಜನರನ್ನು ಕೂಡಿಸಿ ಇಂಥ ಕಥೆ ಮಾಡಿಸತೊಡಗಿದರು. ಅಲ್ಲಿಂದ ಅದು ಲೋಕದ ಶಾಲೆಗಳಿಗೆಲ್ಲ ಹಬ್ಬಿತು.

ನಮಗೆ ಹೊಸದೇನಲ್ಲ

ಪರದೆ, ಬೆಳಕು, ಚಿತ್ರ, ದನಿ... ಕೊಪ್ಪಳ ಜಿಲ್ಲೆಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತೊಗಲುಗೊಂಬೆ ಆಟವೆಂದರೆ ಇದೇ ಅಲ್ಲವೇ? ರಾಮಾಯಣ, ಮಹಾಭಾರತಗಳನ್ನು ಗೊಂಬೆಯಲ್ಲಿ ಆಡಿಸಿದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಆ ಆಟದಲ್ಲಿ ಮೊದಲು ಕಥೆ, ಆಮೇಲೆ ದೀಪ. ಶಾಲೆಯವರು ಹಿಡಿಯಬೇಕಾದ ಸೂತ್ರವೂ ಇದೇ: ಮೊದಲು ಕಥೆ, ಕಡೆಗೆ ಫೋನು.

ತಪ್ಪುವುದು ಇಲ್ಲಿಯೇ. ಮೊದಲ ದಿನವೇ ಮಕ್ಕಳ ಕೈಗೆ ಫೋನು ಕೊಟ್ಟರೆ ಬಣ್ಣ, ಕುಣಿತ, ಸಿನಿಮಾ ಹಾಡು ಬರುತ್ತವೆ. ಕಥೆ ಬರುವುದಿಲ್ಲ.

ಆರು ವಾರದ ಲೆಕ್ಕ

ಮೊದಲ ವಾರ ಕೇಳುವುದು. ನಾಲ್ಕೈದು ಮಕ್ಕಳ ಒಂದು ಗುಂಪು, ಒಬ್ಬ ಹಿರಿಯರು. ಏನು ಕೇಳಬೇಕೆಂದು ಮಕ್ಕಳೇ ಮೊದಲು ಬರೆದುಕೊಳ್ಳಲಿ. "ನಿಮ್ಮ ಕಾಲ ಹೆಂಗಿತ್ತು?" ಎಂದರೆ "ಛಲೋ ಇತ್ತು" ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. "ಸಂತಿಗೆ ಹೋದಾಗ ಚೀಲದಾಗ ಏನೇನು ತರ್ತಿದ್ರಿ?" ಎಂದರೆ ಅಜ್ಜ ಮಾತು ಬಿಚ್ಚುತ್ತಾನೆ.

ಎರಡನೆಯ ವಾರ ಸೋಸುವುದು. ಎರಡು ನಿಮಿಷಕ್ಕೆ ನೋಟುಬುಕ್ಕಿನ ಒಂದು ಪುಟ ಸಾಕು. ಒಂದು ಕಥೆಗೆ ಒಂದೇ ಸಂಗತಿ. ವೆಂಕಟಪತಿ ಬಾವಿ, ಕನಕಾಚಲಪತಿ ಗುಡಿ, ಜಾತ್ರೆಯ ತೇರು ಎಲ್ಲವನ್ನೂ ತುರುಕಿದರೆ ಅದು ಕಥೆಯಲ್ಲ, ಪಟ್ಟಿ.

ಮೂರನೆಯ ವಾರ ಹಾಳೆಯ ಮೇಲೆ ಎಂಟು ಚೌಕ, ಚೌಕಕ್ಕೊಂದು ಚಿತ್ರ. ಯಾವ ಮಾತಿಗೆ ಯಾವ ಚಿತ್ರ ಎಂಬುದು ಇಲ್ಲಿಯೇ ತೀರ್ಮಾನವಾಗಬೇಕು. ನಾಲ್ಕನೆಯ ವಾರ ದನಿ. ಕಿಟಕಿ ಮುಚ್ಚಿ, ಫ್ಯಾನು ಆರಿಸಿ. ಬಸ್ಸಿನ ಹಾರ್ನು ಒಳಬಂದರೆ ಕಥೆ ಕೆಡುತ್ತದೆ. ಐದನೆಯ ವಾರ ಚಿತ್ರಗಳ ಫೋಟೊ ತೆಗೆದು ದನಿಗೆ ಜೋಡಿಸುವುದು. ಶಾಲೆಗೆ ಒಂದೇ ಫೋನು ಸಾಕು. ಆರನೆಯ ವಾರ ಪ್ರದರ್ಶನ. ಮುಂದಿನ ಸಾಲಿನಲ್ಲಿ ಕಥೆ ಕೊಟ್ಟ ಅಜ್ಜ, ಅಜ್ಜಿ.

ತಿದ್ದುವ ಮುನ್ನ ಎಚ್ಚರ!

ಮಗು "ನಮ್ಮ ಆಯಿ ಹೇಳ್ತಿದ್ಲು" ಎಂದಾಗ ಅದನ್ನು ಪುಸ್ತಕದ ಭಾಷೆಗೆ ತಿದ್ದಿದರೆ ಆಯಿಯೇ ಮಾಯ! ಈ ಸೀಮೆಯ ಮಾತು ಇರುವಂತೆಯೇ ಬರಲಿ. ಆದರೆ ಸುಳ್ಳು ಬೇಡ. ಅಶೋಕನ ಶಾಸನದ ಸುವರ್ಣಗಿರಿ ಇದೇ ಊರು ಎಂದು ಕೆಲವು ವಿದ್ವಾಂಸರು ಹೇಳಿದ್ದಾರೆ, ಎಲ್ಲರೂ ಒಪ್ಪಿಲ್ಲ. ಅಂಥ ಕಡೆ "ಹಿಂಗಂತ ಹೇಳ್ತಾರ" ಎನ್ನುವುದನ್ನೂ ಮಗು ಕಲಿಯಲಿ. ಕಥೆಯ ಜೊತೆ ಪ್ರಾಮಾಣಿಕತೆಯೂ ಬಂದಂತಾಯಿತು.

ಇನ್ನೊಂದು ಮಾತು. ಮಕ್ಕಳ ಮುಖ, ಹೆಸರು ಇಂಟರ್ನೆಟ್ಟಿಗೆ ಹೋಗುವ ಮುನ್ನ ತಂದೆ ತಾಯಿಯ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಶಾಲೆಯ ಗೋಡೆಯ ಮೇಲೆ ತೋರಿಸಿದರೂ ಸಾಕು, ಊರು ನೋಡುತ್ತದೆ.

ಕಾಲ ಕಾಯುವುದಿಲ್ಲ

ಇಷ್ಟೆಲ್ಲ ಯಾಕ್ರೀ ಎನ್ನುವವರು ಒಂದು ಲೆಕ್ಕ ಹಾಕಲಿ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿದಾಗ ಹತ್ತು ವರ್ಷದ ಹುಡುಗನಾಗಿದ್ದವನು ಈಗ ಎಂಬತ್ತೈದು ದಾಟಿದ ಮುದುಕ. ಹಾಲಿ ಸಿಕ್ಕಾ ರೂಪಾಯಿ ಎಣಿಸಿದ ಕೈ, ಸೇರು ಪಾವಿನಲ್ಲಿ ಅಳೆದ ಅಂಗಡಿ, ರಜಾಕಾರರ ಭಯಕ್ಕೆ ಊರು ಬಿಟ್ಟವರ ನೆನಪು... ಇವನ್ನು ಕಣ್ಣಾರೆ ಕಂಡವರು ಇನ್ನೆಷ್ಟು ಮಂದಿ? ಅವರು ಹೋದ ಮೇಲೆ ಎಷ್ಟು ದುಬಾರಿ ಫೋನು ತಂದರೂ ಆ ದನಿ ಸಿಕ್ಕದು.

ಆದ್ದರಿಂದ ಈ ಕೆಲಸ ಗುರುಗಳದಷ್ಟೇ ಅಲ್ಲ. ಹಳೆಯ ತಕ್ಕಡಿ, ಹಳೆಯ ಲೆಕ್ಕದ ಪುಸ್ತಕ ಇರುವ ಅಂಗಡಿಯವರು ಅದನ್ನು ಮಕ್ಕಳಿಗೆ ತೋರಿಸಲಿ. ಬಸ್ಸಿನಲ್ಲಿ ಪಕ್ಕ ಕುಂತ ಅಜ್ಜನ ಮಾತಿಗೆ ಪ್ರಯಾಣಿಕರು ಕಿವಿಗೊಡಲಿ. ಶಾಲಾಭಿವೃದ್ಧಿ ಸಮಿತಿಯವರು ಬರುವ ಸಭೆಯಲ್ಲಿ ಇದನ್ನೊಂದು ವಿಷಯವಾಗಿ ಇಡಲಿ. ಖರ್ಚು ಕಡಿಮೆ, ತಡವಾದರೆ ನಷ್ಟ ದೊಡ್ಡದು.