ಕಾರು ಗುದ್ದಿದರೆ ಸೈಕಲ್ ಹೆಲ್ಮೆಟ್ ಏನು ಮಾಡೀತು?

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರಸ್ತೆಗಳಲ್ಲಿ ಈಗ ಸೈಕಲ್ ತುಳಿಯುವವರಲ್ಲಿ ಮುಖ್ಯವಾಗಿ ಕಾಣುವವರು ಎರಡು ಬಗೆಯವರು: ಹೈಸ್ಕೂಲಿಗೆ ಹೋಗುವ ಮಕ್ಕಳು ಮತ್ತು ಬೈಕಿನ ಗೊಡವೆಗೇ ಹೋಗದ ವಯಸ್ಸಾದವರು. ಮಕ್ಕಳ ಕೈಗೆ ಸೈಕಲ್ ಬಂದದ್ದರಲ್ಲಿ ಸರ್ಕಾರದ ಪಾಲು ದೊಡ್ಡದು. 2006–07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಮೊದಲು, ಗಂಡುಮಕ್ಕಳಿಗೆ ಆಮೇಲೆ, ಸೈಕಲ್ ಕೊಟ್ಟಿತು. ಊರಿಗೆ ಹೈಸ್ಕೂಲಿಲ್ಲವೆಂದು ಓದು ಬಿಡಿಸುವ ಮನೆಗಳಿಗೆ ಒಂದು ನೆಪ ತಪ್ಪಿತು. ಕೋವಿಡ್ ಬಂದ ಮೇಲೆ ವಿತರಣೆ ನಿಂತಿತು, ಆದರೆ ಸೈಕಲ್ ಮೇಲೆ ಶಾಲೆಗೆ ಹೋಗುವ ರೂಢಿ ಅಳಿದಿಲ್ಲ. ಈ ಯೋಜನೆಯಲ್ಲಿ ಸೈಕಲ್ ಬಂತು, ಹೆಲ್ಮೆಟ್ ಬರಲಿಲ್ಲ. ಕಾನೂನೂ ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರ್ ಸೈಕಲ್ಲಿಗೆ. ಪೆಡಲ್ ತುಳಿಯುವವರು ಅದರ ಲೆಕ್ಕಕ್ಕೇ ಬರುವುದಿಲ್ಲ. ಸೈಕಲ್ಲಿಗೆ ಯಾಕಪ್ಪ ಹೆಲ್ಮೆಟ್ ಎಂದು ಜನ ನಗುವುದರ ಹಿಂದೆ ಒಂದು ತರ್ಕವೂ ಇದೆ: ಬಿದ್ದರೆ ಮಂಡಿ ತರಚೀತು, ಅದಕ್ಕೆ ಹೆಲ್ಮೆಟ್ ಬೇಡ, ಕಾರೋ ಲಾರಿಯೋ ಗುದ್ದಿದರೆ ತರ್ಮಾಕೋಲಿನ ಟೋಪಿಯಿಂದ ಏನೂ ಆಗದು, ಆಗಲೂ ಬೇಡ. ಕೇಳುವುದಕ್ಕೆ ಸರಿಯಾಗಿಯೇ ಇರುವ ಈ ತರ್ಕದ ಎರಡನೇ ಅರ್ಧ ತಪ್ಪು ಎಂಬುದೇ ಇಲ್ಲಿನ ವಾದ.

ಅನುಮಾನಕ್ಕೆ ಆಧಾರ ಇಲ್ಲದಿಲ್ಲ. ಯುರೋಪಿನಲ್ಲಿ ಸೈಕಲ್ ಹೆಲ್ಮೆಟ್‌ಗಳನ್ನು ಪರೀಕ್ಷಿಸುವ ಇಎನ್ 1078 ಎಂಬ ಮಾನದಂಡ ಕೇಳುವುದು ಬಹಳ ಸಣ್ಣ ಪರೀಕ್ಷೆ. ಲೋಹದ ತಲೆಯಾಕೃತಿಗೆ ಹೆಲ್ಮೆಟ್ ತೊಡಿಸಿ ಗಟ್ಟಿ ಚಪ್ಪಟೆ ಮೇಲ್ಮೈ ಮೇಲೆ ಬೀಳಿಸುತ್ತಾರೆ. ತಾಗುವ ಹೊತ್ತಿಗೆ ವೇಗ ಸೆಕೆಂಡಿಗೆ 5.42 ಮೀಟರ್, ಅಂದರೆ ಗಂಟೆಗೆ ಹತ್ತಿರಹತ್ತಿರ 20 ಕಿಲೋಮೀಟರ್. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವ ವೇಗ ಅದು. ಅಮೆರಿಕದ ಮಾನದಂಡ ಸ್ವಲ್ಪ ಬಿಗಿ, ಎರಡು ಮೀಟರ್ ಎತ್ತರದ್ದು. ಎರಡರಲ್ಲೂ ಕಾರಿನ ಸುಳಿವಿಲ್ಲ. ಶಿವಮೊಗ್ಗ–ಹೊನ್ನಾಳಿ–ಹರಿಹರ ರಸ್ತೆಯಲ್ಲಿ ಖಾಲಿ ಸಿಕ್ಕರೆ ಎಂಬತ್ತು ದಾಟುವ ಕಾರಿಗೂ ಇಪ್ಪತ್ತರಲ್ಲಿ ಪಾಸಾದ ಹೆಲ್ಮೆಟ್ಟಿಗೂ ಎಲ್ಲಿಯ ಹೋಲಿಕೆ ಎಂದು ಯಾರಾದರೂ ಕೇಳಿದರೆ ತಪ್ಪೆನ್ನಲಾಗದು.

ಆದರೆ ಇಲ್ಲೊಂದು ಗೊಂದಲ ಅಡಗಿದೆ. ಕಾರಿನ ವೇಗ ಬೇರೆ, ತಲೆ ಯಾವುದಕ್ಕಾದರೂ ಬಡಿಯುವ ವೇಗ ಬೇರೆ. ಹಿಂದಿನಿಂದ ಬಂದ ಕಾರು ಓವರ್‌ಟೇಕ್ ಮಾಡುವಾಗ ಅದರ ಕನ್ನಡಿ ಸೈಕಲ್ಲಿನ ಹ್ಯಾಂಡಲ್ಲಿಗೆ ತಾಗಿತು ಎನ್ನಿ. ಸವಾರಳು ಪಕ್ಕಕ್ಕೆ ಉರುಳುತ್ತಾಳೆ. ಸೀಟಿನ ಮೇಲೆ ಕೂತ ಹುಡುಗಿಯ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಅಲ್ಲಿಂದ ಡಾಂಬರಿಗೆ ಬೀಳುವ ವೇಗ, ಕಾರು ನಲವತ್ತರಲ್ಲಿ ಹೋಗುತ್ತಿದ್ದರೂ ಎಂಬತ್ತರಲ್ಲಿ ಹೋಗುತ್ತಿದ್ದರೂ, ಪರೀಕ್ಷಾಲಯದ ಅದೇ ಇಪ್ಪತ್ತರ ಆಸುಪಾಸು. ಮುಂದಕ್ಕೆ ಜಾರುವ ವೇಗದಿಂದ ಮೈ ತರಚುತ್ತದೆ. ಬುರುಡೆಯನ್ನು ಒಡೆಯುವುದರಲ್ಲಿ ಕೆಳಕ್ಕೆ ಬೀಳುವ ವೇಗದ ಕೈವಾಡವೇ ಹೆಚ್ಚು. ನೇರವಾಗಿ ಗುದ್ದಿದಾಗ ಕಥೆ ಇನ್ನಷ್ಟು ಕ್ರೂರ. ಬಂಪರ್ ಮೊದಲು ಕಾಲನ್ನೋ ಚಕ್ರವನ್ನೋ ಹೊಡೆಯುತ್ತದೆ, ಸವಾರ ಬಾನೆಟ್ ಮೇಲೆ ಮಗುಚುತ್ತಾನೆ, ತಲೆ ಮುಂದಿನ ಗಾಜಿಗೋ ಗಾಜಿನ ಪಕ್ಕದ ಕಂಬಕ್ಕೋ ಬಡಿಯುತ್ತದೆ, ಆಮೇಲೆ ಮೈ ಮತ್ತೆ ರಸ್ತೆಗೆ ಬೀಳುತ್ತದೆ. ಗಾಜು ಸ್ವಲ್ಪ ಬಾಗಿ ಒಳಕ್ಕೆ ತಗ್ಗಬಹುದು, ಕಂಬ ತಗ್ಗುವುದಿಲ್ಲ. ಮೊದಲ ಹೊಡೆತ ಹೆಲ್ಮೆಟ್ಟಿನ ಶಕ್ತಿಯನ್ನು ಮೀರಿದ್ದರೂ ಎರಡನೆಯದು, ಅಂದರೆ ನೆಲದ ಹೊಡೆತ, ಅನೇಕ ಸಲ ಅದರ ಅಳತೆಯೊಳಗೇ ಇರುತ್ತದೆ. ಕಾರು ಡಿಕ್ಕಿ ಎಂದು ಪೊಲೀಸರು ಬರೆದುಕೊಳ್ಳುವ ಅಪಘಾತದೊಳಗೆ ಒಂದು ಸಾಮಾನ್ಯ ಬೀಳುವಿಕೆಯೂ ಇದೆ. ಹೆಲ್ಮೆಟ್ಟಿಗೆ ಕೆಲಸ ಸಿಗುವುದು ಅಲ್ಲಿ.

ಆ ಕೆಲಸವಾದರೂ ಏನು? ಗಟ್ಟಿ ಸಿಪ್ಪೆಯ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಕಾಪಾಡುವುದು ಒಳಗಿನ ನೊರೆಪದರ. ಅದು ಪುಡಿಯಾಗುವುದೇ ಅದರ ಗುಣ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಹಾಗೆ, ತಲೆ ನಿಲ್ಲುವುದಕ್ಕೆ ಅದು ಒಂದಿಷ್ಟು ದೂರ ಒದಗಿಸುತ್ತದೆ. ಸರಳ ಲೆಕ್ಕ ಹಾಕಿ: ಸೆಕೆಂಡಿಗೆ 5.42 ಮೀಟರ್ ವೇಗದ ತಲೆ 2 ಮಿಲಿಮೀಟರಿನಲ್ಲಿ ನಿಂತರೆ ಅದರ ಮೇಲಿನ ಸರಾಸರಿ ಹೊಡೆತ ಗುರುತ್ವದ 750 ಪಟ್ಟು; ನೊರೆ 2 ಸೆಂಟಿಮೀಟರ್ ಕುಗ್ಗಿ ನಿಲ್ಲಿಸಿದರೆ 75 ಪಟ್ಟು. ಯುರೋಪಿನ ಮಾನದಂಡ ಒಪ್ಪುವ ಗರಿಷ್ಠ ಮಿತಿ 250 ಪಟ್ಟು. ಬದುಕಿಗೂ ಸಾವಿಗೂ ನಡುವೆ ಇರುವುದು ಈ ಎರಡು ಸೆಂಟಿಮೀಟರ್. ವೇಗ ಇಪ್ಪತ್ತೊಂದಾದ ಕೂಡಲೇ ಹೆಲ್ಮೆಟ್ ಕೆಲಸ ನಿಲ್ಲಿಸಿಬಿಡುತ್ತದೆ ಎಂದೂ ತಿಳಿಯಬಾರದು. ಮೂವತ್ತರ ಹೊಡೆತದಲ್ಲೂ ಅದು ತನ್ನ ಪಾಲಿನ ಶಕ್ತಿಯನ್ನು ಹೀರಿಕೊಂಡು ಉಳಿದದ್ದನ್ನು ಮಾತ್ರ ತಲೆಗೆ ಬಿಡುತ್ತದೆ.

ಇದು ಬರೀ ಲೆಕ್ಕವಲ್ಲ ಎಂಬುದಕ್ಕೆ ಆಸ್ಪತ್ರೆ ದಾಖಲೆಗಳಿವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2001ರಿಂದ 2009ರವರೆಗೆ ಮೋಟಾರು ವಾಹನಕ್ಕೆ ಡಿಕ್ಕಿಯಾದ 6,745 ಸೈಕಲ್ ಸವಾರರ ವಿವರವನ್ನು ಸಂಶೋಧಕ ಬ್ಯಾಂಬಾಕ್ ಮತ್ತು ಸಂಗಡಿಗರು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಅವರ ಮುಂದಿದ್ದದ್ದು ತಾವೇ ಜಾರಿ ಬಿದ್ದವರಲ್ಲ, ನಮ್ಮ ಪ್ರಶ್ನೆಗೆ ನೇರವಾಗಿ ಸೇರುವವರು. ಹೆಲ್ಮೆಟ್ ಹಾಕಿದವರಲ್ಲಿ ತಲೆಗಾಯದ ಅಪಾಯ ಶೇ 74ರವರೆಗೆ ಕಡಿಮೆ ಇತ್ತು. ಗಾಯ ತೀವ್ರವಾದಷ್ಟೂ ಹೆಲ್ಮೆಟ್ಟಿನ ಲಾಭ ಹೆಚ್ಚಾಗಿ ಕಂಡಿತು. ಒಲಿವಿಯರ್ ಮತ್ತು ಕ್ರೈಟನ್ ಎಂಬ ಸಂಶೋಧಕರು 40 ಅಧ್ಯಯನಗಳನ್ನು, 64,000ಕ್ಕೂ ಹೆಚ್ಚು ಗಾಯಾಳುಗಳನ್ನು ಒಟ್ಟಿಗಿಟ್ಟು ನೋಡಿದಾಗ ಗಂಭೀರ ತಲೆಗಾಯ ಶೇ 69ರಷ್ಟು, ಪ್ರಾಣ ತೆಗೆಯುವ ತಲೆಗಾಯ ಶೇ 65ರಷ್ಟು ಕಡಿಮೆ ಎಂದು ಬಂತು. ಹೆಲ್ಮೆಟ್ ಪರ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ನಾರ್ವೆಯ ಹೋಯೆ ಎಂಬ ಸಂಶೋಧಕಿ 2018ರಲ್ಲಿ 55 ಅಧ್ಯಯನಗಳನ್ನು ಒಟ್ಟುಗೂಡಿಸಿ ಗಂಭೀರ ತಲೆಗಾಯದಲ್ಲಿ ಶೇ 60ರ ಇಳಿಕೆ ಕಂಡರು. ಜೊತೆಗೆ, ವಾಹನಕ್ಕೆ ಡಿಕ್ಕಿಯಾದಾಗಿನದಕ್ಕಿಂತ ಒಬ್ಬರೇ ಬಿದ್ದಾಗ ಹೆಲ್ಮೆಟ್ ಹೆಚ್ಚು ಕಾಯುವ ಸಾಧ್ಯತೆ ಇದೆ ಎಂದೂ, ಕುತ್ತಿಗೆಯ ಗಾಯದ ಮಟ್ಟಿಗೆ ಅದರಿಂದ ಗುರುತಿಸುವಂಥ ಪ್ರಯೋಜನ ಕಾಣಲಿಲ್ಲವೆಂದೂ ಹೇಳಿದರು. ಅಂದರೆ ಕಾರಿನ ಎದುರು ಹೆಲ್ಮೆಟ್ಟಿನ ಬಲ ಕುಗ್ಗುತ್ತದೆ, ಆದರೆ ಸೊನ್ನೆಯಾಗುವುದಿಲ್ಲ.

ಇಂಥ ಅಧ್ಯಯನಗಳ ಮೇಲೊಂದು ಆಕ್ಷೇಪ ಇದೆ, ಅದನ್ನು ತಳ್ಳಿಹಾಕಲಾಗದು. ಹೆಲ್ಮೆಟ್ ಹಾಕುವವರು ಮೊದಲೇ ಹುಷಾರಿನ ಜನ. ಅವರಿಗೆ ಆಗುವ ಅಪಘಾತವೇ ಸಣ್ಣದು. ಪುಣ್ಯವೆಲ್ಲ ಹೆಲ್ಮೆಟ್ಟಿನ ಲೆಕ್ಕಕ್ಕೆ ಬರೆಯುತ್ತೀರಿ ಎಂಬುದು. ಮಾತಿನಲ್ಲಿ ಹುರುಳಿದೆ. ನ್ಯೂ ಸೌತ್ ವೇಲ್ಸ್ ಅಧ್ಯಯನದಲ್ಲೇ ಹೆಲ್ಮೆಟ್ ಇಲ್ಲದವರು ಹೆಚ್ಚು ಅಪಾಯಕಾರಿಯಾಗಿ ಓಡಿಸುತ್ತಿದ್ದದ್ದು ಕಂಡುಬಂತು. ಆದರೆ ಇವು ಗಾಯಗೊಂಡವರೊಳಗಿನ ಹೋಲಿಕೆ: ತಲೆಗೆ ಪೆಟ್ಟು ಬಿದ್ದವರು ಒಂದು ಕಡೆ, ಕೈಕಾಲಿಗೋ ಎದೆಗೋ ಬಿದ್ದವರು ಇನ್ನೊಂದು ಕಡೆ. ಬರೀ ಹುಷಾರಿನಿಂದ ಲಾಭವಾಗಿದ್ದರೆ ಕೈಕಾಲೂ ಅಷ್ಟೇ ಉಳಿಯಬೇಕಿತ್ತು. ಇಂಗ್ಲೆಂಡಿನ ಸಂಶೋಧಕ ಇಯಾನ್ ವಾಕರ್ ಎತ್ತಿದ ಪ್ರಶ್ನೆ ಇದಕ್ಕಿಂತ ಚುರುಕಾದದ್ದು. ತನ್ನ ಸೈಕಲ್ಲಿಗೆ ಅಳತೆ ಉಪಕರಣ ಕಟ್ಟಿ ರಸ್ತೆಗಿಳಿದ ಅವರು, ಹೆಲ್ಮೆಟ್ ಹಾಕಿದ್ದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರದಿಂದ ದಾಟುತ್ತವೆ ಎಂದು 2007ರಲ್ಲಿ ಬರೆದರು. ಅದೇ ಅಂಕಿಗಳನ್ನು ಬೇರೆಯವರು 2013ರಲ್ಲಿ ಮತ್ತೆ ವಿಶ್ಲೇಷಿಸಿ, ನಿಜಕ್ಕೂ ಅಪಾಯಕರವಾದಷ್ಟು ಹತ್ತಿರದ ದಾಟುವಿಕೆಗೂ ಹೆಲ್ಮೆಟ್ಟಿಗೂ ನಂಟು ಕಾಣುವುದಿಲ್ಲ ಎಂದರು. ವಿವಾದ ಪೂರ್ತಿ ಮುಗಿದಿಲ್ಲ. ಮುಗಿಯದ ವಿವಾದದ ಒಂದು ಹಿಡಿ ಸೆಂಟಿಮೀಟರಿಗೆ ನೊರೆಪದರದ ಎರಡು ಸೆಂಟಿಮೀಟರನ್ನು ಬಿಟ್ಟುಕೊಡುವುದು ಒಳ್ಳೆಯ ವ್ಯಾಪಾರವಲ್ಲ.

ನೆದರ್ಲೆಂಡ್ಸಿನ ಮಾತು ಬಂದೇ ಬರುತ್ತದೆ. ಅಲ್ಲಿ ಮಕ್ಕಳು ಮುದುಕರು ಬಹುತೇಕ ಎಲ್ಲರೂ ಬರಿತಲೆಯಲ್ಲಿ ತುಳಿಯುತ್ತಾರೆ, ಆದರೂ ಸುರಕ್ಷಿತ. ಕಾರಣ ಗೊತ್ತಿದ್ದದ್ದೇ: ಸೈಕಲ್ಲಿಗೆ ಬೇರೆ ದಾರಿ, ಊರೊಳಗೆ ಕಾರಿಗೆ ಕಡಿವಾಣ. ಜಗಳೂರಿನಿಂದ ದಾವಣಗೆರೆಗೆ ಹೋಗುವ ರಸ್ತೆಗೆ ಅಂಥ ಪಕ್ಕದ ದಾರಿ ಮಾಡಿಕೊಟ್ಟ ದಿನ ಹೆಲ್ಮೆಟ್ ಬೇಡ ಎನ್ನುವವರ ಮಾತಿಗೆ ತೂಕ ಬರುತ್ತದೆ. ಸದ್ಯ ಮಕ್ಕಳಿಗಿರುವುದು ಡಾಂಬರಿನ ಅಂಚು, ಅದರಾಚೆ ಕುಸಿದ ಮಣ್ಣು, ಸುಗ್ಗಿಯಲ್ಲಿ ಆ ಅಂಚಿನ ಮೇಲೂ ಒಣಹಾಕಿದ ಮೆಕ್ಕೆಜೋಳ. ಹುಡುಗಿ ರಸ್ತೆ ನಡುವಿಗೆ ಬರುವುದು ಉದ್ಧಟತನದಿಂದಲ್ಲ, ಜೋಳದ ರಾಶಿ ತಪ್ಪಿಸಲು. ಆಸ್ಪತ್ರೆಯ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಲೆಗೆ ಬಲವಾದ ಪೆಟ್ಟು ಬಿದ್ದರೆ ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗಕ್ಕೋ ದಾವಣಗೆರೆಗೋ ಓಡಬೇಕು, ಜಗಳೂರಿನವರಿಗೆ ದಾವಣಗೆರೆ, ಅಲ್ಲಿಯೂ ಕೈಚೆಲ್ಲಿದರೆ ಬೆಂಗಳೂರಿನ ನಿಮ್ಹಾನ್ಸ್. ಮೆದುಳಿನ ರಕ್ತಸ್ರಾವ ಅಷ್ಟು ಹೊತ್ತು ಕಾಯುವುದಿಲ್ಲ. ನಗರದಲ್ಲಿ ಬದುಕಿಸಬಹುದಾದ ಗಾಯ ತಾಲ್ಲೂಕಿನಲ್ಲಿ ಕೊಲ್ಲುತ್ತದೆ, ಆದ್ದರಿಂದ ಗಾಯವನ್ನೇ ಸಣ್ಣದು ಮಾಡುವ ಸಾಧನದ ಬೆಲೆ ಇಲ್ಲಿ ನಗರದಲ್ಲಿರುವುದಕ್ಕಿಂತ ಜಾಸ್ತಿ.

ಇಷ್ಟು ಹೇಳಿದ ಮೇಲೆ ಹೆಲ್ಮೆಟ್ ಮಾಡಲಾಗದ್ದನ್ನೂ ಹೇಳಬೇಕು. ಟ್ರ್ಯಾಕ್ಟರ್ ಟ್ರೇಲರಿನ ಚಕ್ರ ಎದೆಯ ಮೇಲೆ ಹರಿದರೆ ಅದು ನಿರುಪಯೋಗಿ. ಸಂಜೆ ಟ್ಯೂಷನ್ ಮುಗಿಸಿ ಬರುವ ಹುಡುಗನ ಸೈಕಲ್ಲಿಗೆ ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೆ ಡ್ರೈವರನಿಗೆ ಅವನನ್ನು ಹೆಲ್ಮೆಟ್ ತೋರಿಸಿಕೊಡುವುದಿಲ್ಲ. ವೇಗವನ್ನಂತೂ ತಗ್ಗಿಸುವುದೇ ಇಲ್ಲ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆಯ ಮುಂದೆ ಕಾರನ್ನು ಮೂವತ್ತಕ್ಕೆ ಇಳಿಸುವ ಕೆಲಸ ಯಾವ ಹೆಲ್ಮೆಟ್ಟಿಗಿಂತಲೂ ದೊಡ್ಡದು, ಅದು ಲೋಕೋಪಯೋಗಿ ಇಲಾಖೆಯ ಮತ್ತು ಪೊಲೀಸರ ಹೆಗಲಿನದು. ಮಗು ಹೆಲ್ಮೆಟ್ ಹಾಕಿರಲಿಲ್ಲ ಎಂಬ ಮಾತು ಗುದ್ದಿದವನಿಗೆ ಗುರಾಣಿ ಆಗಬಾರದು. ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರಲ್ಲಿ ಸೈಕಲ್ ಸವಾರರು ನೂರಕ್ಕೆ ಮೂವರಷ್ಟೇ. ಸಂಖ್ಯೆ ಸಣ್ಣದೆಂದೇ ಅವರ ಮಾತು ಯಾವ ಸಭೆಯಲ್ಲೂ ಏಳುವುದಿಲ್ಲ.

ಹಾಗಾದರೆ ಸೈಕಲ್ಲಿಗೂ ದಂಡ ಹಾಕಿ ಕಡ್ಡಾಯ ಮಾಡೋಣವೇ? ಬೇಡ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲಿ ಕಡ್ಡಾಯ ಮಾಡಿದಾಗ ತಲೆಗಾಯಗಳೇನೋ ಇಳಿದವು, ಆದರೆ ಹದಿಹರೆಯದವರು ಸೈಕಲ್ ಬಿಟ್ಟದ್ದೂ ಎಣಿಕೆಯಲ್ಲಿ ಕಂಡಿತು. ತೋಟಕ್ಕೆ ಹೋಗುವ ಮುದುಕನನ್ನು ಸಂತೇಬೆನ್ನೂರಿನ ಸರ್ಕಲ್ಲಿನಲ್ಲಿ ತಡೆದು ರಸೀದಿ ಹರಿಯುವ ಕಾನೂನು ಯಾರಿಗೂ ಬೇಡ. ನಮ್ಮಲ್ಲಿ 2016ರಲ್ಲಿ ಬೈಕಿನ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದಾಗ ದಂಡ ತಪ್ಪಿಸುವುದಕ್ಕೆಂದೇ ಪ್ಲಾಸ್ಟಿಕ್ ಬುಟ್ಟಿಯಂಥ ಅರ್ಧ ಹೆಲ್ಮೆಟ್‌ಗಳು ರಸ್ತೆಬದಿಯಲ್ಲಿ ಹೇಗೆ ಬಿಕರಿಯಾದವೆಂದು ನೋಡಿದ್ದೇವೆ. ಮಕ್ಕಳ ವಿಷಯ ಬೇರೆ. ಸೈಕಲ್ ಕೊಟ್ಟು ಹೆದ್ದಾರಿಗೆ ಕಳಿಸುವ ಸರ್ಕಾರ ಹೆಲ್ಮೆಟ್ಟನ್ನೂ ಅದೇ ಟೆಂಡರಿನಲ್ಲಿ ಸೇರಿಸಬೇಕು. ಯೋಜನೆ ಮತ್ತೆ ಶುರುವಾದರೆ ನಾಲ್ಕು ತಾಲ್ಲೂಕಿನ ಶಾಲಾಭಿವೃದ್ಧಿ ಸಮಿತಿಗಳು (ಎಸ್‌ಡಿಎಂಸಿ) ಇದನ್ನು ಬರೆದು ಕೇಳಲಿ. ಅಲ್ಲಿಯವರೆಗೆ ಮನೆಯವರೇ ಕೊಳ್ಳುವುದಾದರೆ ಅಪ್ಪನ ಬೈಕಿನ ಹೆಲ್ಮೆಟ್ ಮಗಳ ತಲೆಗೆ ಬೇಡ, ಅದು ಭಾರ, ಸೆಕೆ, ಸಡಿಲ. ಗಾಳಿಕಿಂಡಿಗಳಿರುವ, ಒಳಗೆ ನೊರೆಪದರವಿರುವ ಸೈಕಲ್ ಹೆಲ್ಮೆಟ್ಟನ್ನೇ ತಲೆಯ ಅಳತೆ ನೋಡಿ ತನ್ನಿ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಕೂರಬೇಕು, ಗದ್ದದ ಪಟ್ಟಿ ಬಿಗಿಯಾಗಿರಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ತಲೆ ನೆಲಕ್ಕೆ ತಾಗುವ ಮೊದಲೇ ಹಾರಿಹೋಗುತ್ತದೆ. ಒಮ್ಮೆ ಬಲವಾಗಿ ಬಿದ್ದ ಮೇಲೆ ಹೊರಗಡೆ ಬಿರುಕು ಕಾಣದಿದ್ದರೂ ಅದನ್ನು ಬಿಸಾಡಿ. ಒಳಗೆ ಕುಗ್ಗಿದ ನೊರೆ ಮತ್ತೆ ಉಬ್ಬುವುದಿಲ್ಲ.