ನಗರ ಯೋಜನೆಯಲ್ಲಿ ಪಿಎಚ್.ಡಿ.: ಅರ್ಜಿಗೆ ಮುನ್ನ

ನಗರ ಮತ್ತು ಪ್ರಾದೇಶಿಕ ಯೋಜನೆಯ ಪಿಎಚ್.ಡಿ.ಗೆ ವಾಸ್ತುಶಿಲ್ಪದ ಪದವೀಧರರಷ್ಟೇ ಅರ್ಹರೆಂಬುದು ತಪ್ಪು ತಿಳಿವಳಿಕೆ. ಭೂಗೋಳ, ಅರ್ಥಶಾಸ್ತ್ರಗಳ ಸ್ನಾತಕೋತ್ತರರನ್ನೂ ಕೆಲವು ಸಂಸ್ಥೆಗಳು ಪರಿಗಣಿಸುತ್ತವೆ. ಯುಜಿಸಿಯ 2022ರ ನಿಯಮದಂತೆ ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು. ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸಿದಲ್ಲಿ ಅದಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಶಸ್ತ್ಯ.

ಅರ್ಜಿಯ ಜೀವಾಳವೆಂದರೆ ಸಂಶೋಧನಾ ಪ್ರಸ್ತಾವ. ‘ಸೊಲ್ಲಾಪುರದ ಬೆಳವಣಿಗೆ’ ಎಂಬುದು ಶೀರ್ಷಿಕೆಯಾದೀತು, ಪ್ರಶ್ನೆಯಾಗದು. ಭೀಮಾ ನದಿಯ ಉಜನಿ ಜಲಾಶಯದ ನೀರನ್ನು ನಗರವೂ ಹೊಲಗಳೂ ಹಂಚಿಕೊಳ್ಳುವಾಗ ಯಾರ ಪಾಲು ಯಾವ ಆಧಾರದಿಂದ ನಿರ್ಧಾರವಾಗುತ್ತದೆ ಎಂದು ಕೇಳಿದರೆ ಅದು ಪ್ರಶ್ನೆ. ಅಕ್ಕಲಕೋಟೆ, ಜತ್ತಗಳ ಅಭ್ಯರ್ಥಿಗಳಿಗೆ ಇಲ್ಲೊಂದು ಅನುಕೂಲವುಂಟು (ಅದನ್ನು ಅವರೇ ಗಮನಿಸುವುದಿಲ್ಲ): ಮರಾಠಿ ಕಡತವನ್ನೂ ಕನ್ನಡಿಗ ರೈತನ ಮಾತನ್ನೂ ಅವರು ದುಭಾಷಿಯಿಲ್ಲದೆ ಅರಿಯಬಲ್ಲರು. ಜಿಲ್ಲಾ ಯೋಜನೆಯ ನಕ್ಷೆ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಸಂತೆಗೂ ಆಸ್ಪತ್ರೆಗೂ ಹೋಗುವ ಜನ ನಿಲ್ಲುವುದಿಲ್ಲ. ಪ್ರಸ್ತಾವ ಅಲ್ಲಿಂದಲೇ ಆರಂಭವಾಗಬಹುದು.