ಬಾರಿನಲ್ಲೊಂದು ಭಾನುವಾರ

“ಅತ್ತೀ, ಈ ಭಾನುವಾರ ನೀವು ಒಲಿ ಹಚ್ಚಬ್ಯಾಡ್ರಿ. ಎಲ್ಲಾರೂ ಬ್ರಂಚಿಗೆ ಹೋಗಾಣ” ಎಂದಳು ಸೊಸೆ.

ನಾನು ಬ್ಯಾಂಕಿನ ಬ್ರಾಂಚು ಎಂದೇ ತಿಳಿದು, “ಭಾನುವಾರ ಬ್ಯಾಂಕು ತೆಗೆದಿರ್ತದೇನವ್ವಾ?” ಎಂದುಬಿಟ್ಟೆ. ಮಗ ನಕ್ಕ, ಮೊಮ್ಮಗಳು ನಕ್ಕಳು, ಕೊನೆಗೆ ನಾನೂ ನಕ್ಕೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಸೇರಿಸಿ ಹನ್ನೊಂದು ಹನ್ನೆರಡರ ಹೊತ್ತಿಗೆ ನಿಧಾನವಾಗಿ ತಿನ್ನುವುದಕ್ಕೆ ಆ ಹೆಸರಂತೆ. ಬ್ರೇಕ್‌ಫಾಸ್ಟಿನ ತಲೆ, ಲಂಚಿನ ಬಾಲ! 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ಪತ್ರಿಕೆಯೊಂದರಲ್ಲಿ ಬರೆದು ಈ ಮಾತನ್ನು ಬಳಕೆಗೆ ತಂದ. ಶನಿವಾರ ರಾತ್ರಿ ಮೋಜು ಮಾಡಿದವರು ಭಾನುವಾರ ಬೇಗ ಏಳಲಾರರು, ಅಂಥವರಿಗೆ ಇದು ಅನುಕೂಲ ಎಂದು ಅವನ ವಾದ. ನನಗೆ ಹೊಳೆದದ್ದು ಬೇರೆ. ಎರಡು ಸಲದ ಬದಲು ಒಂದೇ ಸಲ ಒಲೆ ಹಚ್ಚಿದರಾಯಿತಲ್ಲ!

“ಯಾವ ಹೋಟೆಲಿಗೆ?” ಎಂದೆ.

ಸೊಸೆ ಸ್ವಲ್ಪ ತಡೆದು, “ಹೋಟೆಲಲ್ರೀ ಅತ್ತಿ... ಬಾರು. ಹಳೇ ಕಾಲದ ಥರ ಮಾಡ್ಯಾರ, ಜಾಝ್ ನುಡಿಸ್ತಾರ” ಎಂದಳು.

ಬಾರು! ನನ್ನ ಎದೆ ಧಸಕ್ಕೆಂದಿತು. ನಾವು ಕೋಗಳಿ ಸೀಮೆಯವರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಓಡಾಡಿಕೊಂಡು ಬದುಕಿದವರು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಾರು ಎಂದರೆ ಸೆರಗು ಮುಖಕ್ಕೆ ಹಿಡಿದು ದಾಟಿಹೋಗುವ ಜಾಗ. ನನಗಂತೂ ಅದಕ್ಕಿಂತ ಹೆಚ್ಚು. ಕೊಟ್ಟೂರಿನಲ್ಲಿರುವ ನನ್ನ ಅಕ್ಕನ ಸಂಸಾರವನ್ನು ನುಂಗಿದ್ದು ಸಾರಾಯಿ. ಭಾವ ಮೊದಲು ಎತ್ತು ಮಾರಿದರು, ಆಮೇಲೆ ಹೊಲ. ತವರಿನ ಹಿತ್ತಾಳೆ ಹಂಡೆ ಹೋದ ದಿನ ಅಕ್ಕ ಅಳಲಿಲ್ಲ. ಮರುದಿನ ಓಣಿಯ ಮೂಲೆಯಲ್ಲಿ ಬಾಂಡ್ಲಿ ಇಟ್ಟು ಮಿರ್ಚಿ ಕರಿಯಲು ಕುಳಿತಳು. ಮೂರು ಮಕ್ಕಳನ್ನು ಆ ಎಣ್ಣೆ ಬಾಂಡ್ಲಿಯೇ ಓದಿಸಿತು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಓಣಿಯ ಹೆಂಗಸರು ಒಬ್ಬರಿಗೊಬ್ಬರು ಸಕ್ಕರೆ ಹಂಚಿದರು. ಅಕ್ಕ ಸಕ್ಕರೆ ತಗೊಂಡಳು, ಏನೂ ಮಾತಾಡಲಿಲ್ಲ. ಭಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಸಾರಾಯಿ ಹೋದ ಮೇಲೆ ಅಗ್ಗದ ಬ್ರಾಂದಿ, ವಿಸ್ಕಿಯ ಪಾಕೀಟು ಬಂದದ್ದು ನಿಮಗೂ ಗೊತ್ತೇ ಇದೆ.

ಅಂಥ ಅಕ್ಕನ ತಂಗಿ ಬಾರಿನಲ್ಲಿ ಕುಳಿತು ತಿನ್ನುವುದೇ? ಬರುವುದಿಲ್ಲ ಎಂದೆ. ಸೊಸೆ ಒತ್ತಾಯ ಮಾಡಲಿಲ್ಲ. ಆದರೆ ಅವಳ ಮುಖ ಬಾಡಿತು. ಪಾಪ, ವಾರವೆಲ್ಲ ಆಫೀಸು, ಇದೊಂದು ದಿನ ಅತ್ತೆಗೆ ಏನಾದರೂ ಹೊಸತು ತೋರಿಸೋಣ ಎಂದಿದ್ದಾಳೆ. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಎದ್ದು ಇಳಕಲ್ ಸೀರೆ ಉಟ್ಟೆ. ಊರಿಂದ ತಂದಿದ್ದ ಹಡಗಲಿ ಮಲ್ಲಿಗೆ ಒಂದು ಮೊಳ ಉಳಿದಿತ್ತು, ಮುಡಿದುಕೊಂಡೆ. ಬಾರಿಗೇ ಹೋಗುವುದಾದರೆ ಲಕ್ಷಣವಾಗಿಯೇ ಹೋಗೋಣ!

ಒಳಗೆ ಹಗಲಲ್ಲೂ ಮಬ್ಬು ಬೆಳಕು. ಕೆಂಪು ಮಖಮಲ್ಲಿನ ಸೋಫಾ, ಹಿತ್ತಾಳೆ ದೀಪ, ಗ್ರಾಮಾಫೋನಿನ ಹೂವಿನಾಕಾರದ ತುತ್ತೂರಿ, ಚಕ್ರದ ಟೆಲಿಫೋನು. ನಮ್ಮ ಅಟ್ಟದ ಮೇಲೆ ಧೂಳು ತಿನ್ನುತ್ತಿರುವುದೆಲ್ಲ ಇಲ್ಲಿ ಶೃಂಗಾರ ಮಾಡಿಕೊಂಡು ಕುಳಿತಿತ್ತು. ಇದು ಅಮೆರಿಕದ 1920ರ ಕಾಲದ ವೇಷ ಎಂದು ಮಗ ವಿವರಿಸಿದ. ಬೆಂಗಳೂರಿನಲ್ಲಿ ಇಂಥವು ಈಗ ಹಲವಾರು. ಲೀಲಾ ಪ್ಯಾಲೇಸ್ ಹೋಟೆಲಿನಲ್ಲೇ ಆ ಕಾಲದ ನೆನಪಿನ ಬಾರೊಂದಿದೆ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಬಿಯರ್ ಅಲ್ಲೇ ತಯಾರಾಗುತ್ತದೆ, ಜಾಝ್ ಕೇಳಲು ಸಭಾಂಗಣವೂ ಇದೆ, ಪುಸ್ತಕಗಳ ಕಪಾಟುಗಳೂ ಇವೆಯಂತೆ.

1920ರ ಕಥೆ ಕೇಳಿ ನನಗೆ ವಿಚಿತ್ರವೆನಿಸಿತು. ಅದು ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದ ವರ್ಷ! ಗಂಡಂದಿರ ಕುಡಿತದಿಂದ ಬೇಸತ್ತ ಹೆಂಗಸರು 1874ರಲ್ಲೇ ಸಂಘ ಕಟ್ಟಿ ಹೋರಾಡಿ ಪಡೆದದ್ದರಲ್ಲಿ ಅದೂ ಒಂದು. ಆದರೆ ಕದ್ದು ಕುಡಿಯುವ ಮನೆಗಳು ಎದ್ದವು. ಬಾಗಿಲಲ್ಲಿ ಗುಟ್ಟಿನ ಮಾತು ಹೇಳಿದರಷ್ಟೇ ಒಳಗೆ ಬಿಡುತ್ತಿದ್ದರು. ಕಳ್ಳಭಟ್ಟಿಯ ಕೆಟ್ಟ ರುಚಿ ಮುಚ್ಚಲು ಹಣ್ಣಿನ ರಸ, ಸಕ್ಕರೆ, ಜೇನು ಬೆರೆಸುತ್ತಿದ್ದರು. ಕಾಕ್‌ಟೇಲು ಅಲ್ಲಿ ಹೀಗೆ ಜೋರಾಯಿತು. ಗಿರಾಕಿ ಸೆಳೆಯಲು ಜಾಝ್ ಇಟ್ಟರು. ಹಳೆಯ ಹೆಂಡದ ಅಂಗಡಿಗೆ ಕಾಲಿಡದ ಹೆಂಗಸರು ಇಲ್ಲಿಗೆ ಬಂದು ಕುಳಿತರು. 1933ರ ಹೊತ್ತಿಗೆ ಆ ಕಾನೂನು ರದ್ದಾಯಿತು, ರದ್ದಾಗಲಿ ಎಂದವರ ಮುಂದಾಳುಗಳಲ್ಲೂ ಹೆಂಗಸರಿದ್ದರು. ನಮ್ಮ ಕಡೆಯೂ ನೋಡಿ: 1953ರವರೆಗೆ ಬಳ್ಳಾರಿ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ರಾಜಾಜಿಯವರು 1937ರಲ್ಲಿ ಸೇಲಂನಲ್ಲಿ ಆರಂಭಿಸಿದ ಪಾನನಿಷೇಧ ಆಮೇಲೆ ಆ ರಾಜ್ಯಕ್ಕೆಲ್ಲ ಹಬ್ಬಿತು. ಅದೂ ಉಳಿಯಲಿಲ್ಲ.

ವೇದಿಕೆಯ ಮೇಲೆ ನಾಲ್ವರು. ಪಿಯಾನೋ, ಡ್ರಮ್ಸು, ಆಳೆತ್ತರದ ಪಿಟೀಲಿನಂಥದ್ದೊಂದು, ಮತ್ತೆ ಸ್ಯಾಕ್ಸೊಫೋನು. ಸ್ಯಾಕ್ಸೊಫೋನು ನಮಗೇನು ಹೊಸದಲ್ಲ. ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಮನೆಮನೆಗೆ ಮುಟ್ಟಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆಗೂ ನುಡಿಸಿದ್ದರು. ಜಾಝ್ ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಕರಿಯ ಜನರ ನಡುವೆ. ಒಂದು ಧಾಟಿ ಹಿಡಿದು ಎಲ್ಲರೂ ಹೊರಡುತ್ತಾರೆ; ಆಮೇಲೆ ಒಬ್ಬೊಬ್ಬರೇ ಆ ಗಳಿಗೆಗೆ ತೋಚಿದಂತೆ ಬೆಳೆಸುತ್ತಾರೆ, ಉಳಿದವರು ಲಯ ಹಿಡಿದು ಕಾಯುತ್ತಾರೆ. ನಮ್ಮ ಕಂಪನಿ ನಾಟಕದ ಹಾರ್ಮೋನಿಯಂ ಮೇಷ್ಟ್ರು, ಪಾತ್ರಧಾರಿಣಿ ಆಲಾಪ ಎಳೆದಷ್ಟೂ ಹಿಂದೆ ಹೋಗುತ್ತಿದ್ದರಲ್ಲ, ಹಾಗೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ನಡುವೆ ಒಂದು ಚುರುಕಾದ ತುಣುಕು ಬಂದಾಗ ನನಗೆ ಥಟ್ಟನೆ ರಾಜ್‌ಕುಮಾರರ ‘ಜೇಡರ ಬಲೆ’ (1968) ನೆನಪಾಯಿತು. ಜಿ.ಕೆ. ವೆಂಕಟೇಶರು ಆ ಸಿ.ಐ.ಡಿ. ಚಿತ್ರಗಳ ಸಂಗೀತದಲ್ಲಿ ಈ ರುಚಿಯನ್ನು ನಮಗೆ ಅಂದೇ ತೋರಿಸಿದ್ದರು!

ಊಟದ ವಿಷಯಕ್ಕೆ ಬರೋಣ. ತಲೆಗಿಷ್ಟು ಎಂದು ದರ. ಮದ್ಯ ಸೇರಿಸಿದ್ದಕ್ಕೊಂದು, ಸೇರಿಸದ್ದಕ್ಕೊಂದು. ಕೂರುವ ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಕುಡಿಯದಿದ್ದರೂ ಹೆಚ್ಚಿನದು ಬಿಲ್ಲಿಗೆ ಬೀಳಬಹುದು. ಸರ್ವಿಸ್ ಚಾರ್ಜ್ ಎಂದು ಸೇರಿಸಿದ್ದರೆ ಅದು ಕಡ್ಡಾಯವಲ್ಲ, ತೆಗೆಸಬಹುದು. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಹೇಳಿದೆ. ಮೊಟ್ಟೆ ಬೇಡವೆಂದದ್ದಕ್ಕೆ ನನಗೆ ಸುಟ್ಟ ಬ್ರೆಡ್ಡಿನ ಮೇಲೆ ಅಣಬೆ, ಆಲೂಗೆಡ್ಡೆ, ಹಣ್ಣು ಬಂದವು. ಬ್ರೆಡ್ಡು ಗಟ್ಟಿ, ನನ್ನ ಹಲ್ಲಿಗೆ ಆಗಲಿಲ್ಲ. ಮದ್ಯವಿಲ್ಲದ ಪಾನೀಯವೆಂದು ಲೋಟದ ಅಂಚಿಗೆ ಉಪ್ಪು, ಖಾರದಪುಡಿ ಹಚ್ಚಿ ತಂದರು. ಕುಡಿದು ನೋಡಿದರೆ ನಮ್ಮ ಹುಣಸೆಹಣ್ಣಿನ ಪಾನಕ!

ಸೊಸೆ ನನ್ನ ಕಡೆ ತಿರುಗಿ ಮೆಲ್ಲಗೆ, “ಅತ್ತೀ, ನಾನೊಂದು ತಗೊಳ್ಳಲ್ರಿ? ಬ್ಯಾಡಂದ್ರ ಬಿಡ್ತೀನಿ” ಎಂದಳು.

ಏನು ಹೇಳಲಿ? ಕೇಳದೆಯೂ ತಗೊಳ್ಳಬಹುದಿತ್ತು, ದುಡಿಯುವ ಹುಡುಗಿ. “ನಿನ್ನಿಷ್ಟನವ್ವಾ” ಎಂದೆ. ಕಿತ್ತಳೆ ಬಣ್ಣದ್ದೊಂದು ಬಂತು. ಅವಳು ಗುಟುಕರಿಸುವಾಗ ನಾನು ವೇದಿಕೆಯ ಕಡೆ ನೋಡುತ್ತಿದ್ದೆ. ಹಿಡಿಸಿತು ಎಂದು ಸುಳ್ಳು ಬರೆಯಲಾರೆ. ಗಾಜಿನ ಲೋಟ ಎಷ್ಟು ಚೆಂದವಿದ್ದರೂ ನನಗೆ ಕಂಡದ್ದು ಆ ಹಿತ್ತಾಳೆ ಹಂಡೆಯೇ. ಅವಳಿಗೂ ಗೊತ್ತಾಗಿರಬೇಕು, ಅರ್ಧ ಬಿಟ್ಟಳು. ಬಿಟ್ಟದ್ದು ನೋಡಿ ನನಗೆ ಅದೂ ಸಮಾಧಾನವಾಗಲಿಲ್ಲ.

ಆದರೂ ಒಂದು ಮಾತು ಹೇಳಬೇಕು. ಎರಡೂವರೆ ಗಂಟೆ ನಾನು ಎದ್ದೇ ಇರಲಿಲ್ಲ. ತಂದು ಕೊಟ್ಟರು, ತಿಂದೆ, ಪಾಟೀಲು ಕೇಳಿದೆ ಅನ್ನುವ ಹಾಗೆ ಪಿಯಾನೋ ಕೇಳಿದೆ. ನಮ್ಮೂರಲ್ಲಿ ಭಾನುವಾರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಗಂಡಸರು ಹೋಟೆಲಿಗೆ ಹೋಗುತ್ತಾರೆ, ನಮಗೆ ಪಾರ್ಸೆಲ್ ಬರುತ್ತದೆ, ಆರಿದ್ದು. ಹೌದೋ ಅಲ್ಲವೋ?

ಊರಿಗೆ ಬಂದ ಮೇಲೆ ಈಗ ಭಾನುವಾರ ನಮ್ಮ ಮನೆಯಲ್ಲಿ ಹನ್ನೊಂದಕ್ಕೆ ಒಂದೇ ಅಡುಗೆ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು, ಕೊತ್ತಂಬರಿ. ನಿಂಬೆಗಾತ್ರದ ಹುಣಸೆ ಕಿವುಚಿದ ನೀರಿಗೆ ಬೆಲ್ಲ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಲೋಟದ ಅಂಚಿಗೆ ಉಪ್ಪು ಖಾರ ಹಚ್ಚುವುದನ್ನು ಮಾತ್ರ ಅಲ್ಲಿಂದ ಕಲಿತೆ. ಮಿರ್ಚಿ ನಮ್ಮವರು ಬಿಸಿಬಿಸಿ ತರಬೇಕು, ಬಡಿಸುವುದೂ ಅವರೇ. ರೇಡಿಯೋ ಹಚ್ಚಿ ನಾನು ಕುಳಿತಿರುತ್ತೇನೆ. ಮೊದಲ ವಾರ ಗೊಣಗಿದರು.

ಹೋದ ತಿಂಗಳು ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ, ಸೊಸೆಯ ಅರ್ಧ ಲೋಟವನ್ನೂ ಸೇರಿಸಿ. ಅಕ್ಕ ಬಾಂಡ್ಲಿಯಲ್ಲಿ ಮಿರ್ಚಿ ಮಗುಚುತ್ತಾ ಸುಮ್ಮನೆ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

“ಅಲ್ಲವಾ, ನೀವೆಲ್ಲಾ ತಿನ್ನೋ ಮಟ ಅವರು ಊದಿದ್ರು ಅಂದಿ,” ಎಂದಳು ಕೊನೆಗೆ, “ಅವರು ಯಾವಾಗ ಉಂಡ್ರು?”